ಜಿಟಿ3 ಬುಕ್ ಮಾಡುವ ಮುಂಚೆ: ಬಕೆಟ್ ಸೀಟು ಬೇಕಾ, ಹಾರ್ನೆಸ್ ಬೇಕಾ, ಕೇಜ್ ಬೇಕಾ?

ಕೋಡಿಬಾಗದವ:
ಎಲ್ಲರಿಗೂ ನಮಸ್ಕಾರ. ನಾನು ಹಡಗಿನಲ್ಲಿ ಇಂಜಿನಿಯರ್. ಆರು ತಿಂಗಳು ಸಮುದ್ರ, ಆರು ತಿಂಗಳು ಕಾರವಾರ. ಹದಿನೆಂಟು ವರ್ಷ ಇಂಜಿನ್ ರೂಮಿನಲ್ಲಿ ಬೆಂದು ಕೂಡಿಟ್ಟ ದುಡ್ಡಿನಲ್ಲಿ ಪೋರ್ಷೆ 911 ಜಿಟಿ3 ತಗೊಳ್ಳುವುದು ಅಂತ ತೀರ್ಮಾನ ಆಗಿದೆ. ಇದು ಸರಿಯಾ ತಪ್ಪಾ ಅಂತ ಕೇಳಬೇಡಿ, ಮನೆಯವಳು ಆಗಲೇ ಕೇಳಿಯಾಗಿದೆ.

ಮುಂದಿನ ವಾರ ಡೀಲರ್ ಜೊತೆ ಕೂತು ಏನೇನು ಬೇಕು ಅಂತ ಆರಿಸಬೇಕು. ವರ್ಷಕ್ಕೆ ನಾಲ್ಕೈದು ಟ್ರ್ಯಾಕ್ ಡೇ (ನಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಮಾಡುವ ಆಸೆ, ಚೆನ್ನೈ ಅಥವಾ ಕೊಯಮತ್ತೂರು. ಉಳಿದ ದಿನ ಕಾರು ಇಲ್ಲೇ ಇರುತ್ತದೆ. ಮೈಯನ್ನು ಎರಡೂ ಬದಿ ಹಿಡಿಯುವ ಬಕೆಟ್ ಸೀಟು, ಆರು ಬಿಂದುಗಳ ಹಾರ್ನೆಸ್ (ಎರಡೂ ಹೆಗಲು ಬಿಗಿಯುವ ರೇಸ್ ಬೆಲ್ಟ್), ಹಿಂದೆ ರೋಲ್ ಕೇಜ್ (ಕಾರು ಮಗುಚಿದರೆ ಕಾಯುವ ಪೈಪುಗಳ ಚೌಕಟ್ಟು), ಸೆರಾಮಿಕ್ ಬ್ರೇಕು. ಎಲ್ಲದಕ್ಕೂ ಟಿಕ್ ಹಾಕಿಬಿಡಲಾ? ಆಮೇಲೆ ಹಾಕಿಸೋಣ ಅಂದ್ರೆ ಆಗದೇ ಇರುವುದು ಯಾವುದು? ಅದನ್ನು ಮೊದಲು ತಿಳಿಯಬೇಕು.

ಬಂದರ್ ರಸ್ತೆ:
ಅಭಿನಂದನೆ ಮಾರಾಯ್ರೇ! ಸೀಟಿನ ವಿಷಯ ತಿಳಿದವರು ಹೇಳಲಿ. ನನಗೆ ಗೊತ್ತಿರುವುದು ಒಂದೇ, ಮುಂಭಾಗ ಎತ್ತುವ ಲಿಫ್ಟ್ ಬಿಡಬೇಡಿ. ಹೆದ್ದಾರಿ 66 ಬಿಟ್ಟು ಊರೊಳಗೆ ತಿರುಗಿದ ಕೂಡಲೇ ಸಿಗುವ ಹಂಪುಗಳನ್ನು ಯಾರು ಯಾವ ಅಳತೆಯಲ್ಲಿ ಹಾಕಿದ್ದಾರೋ ದೇವರೇ ಬಲ್ಲ. ನನ್ನ ಸಾದಾ ಸೆಡಾನ್ ಹೊಟ್ಟೆಯೇ ಎರಡು ಕಡೆ ಉಜ್ಜುತ್ತದೆ.

ಕುಮಟೆಯಿಂದ ಸ್ಟುಟ್‌ಗಾರ್ಟಿಗೆ:
ನಾನು ಈ ಕಾರು ಹುಟ್ಟುವ ಊರಿನಲ್ಲೇ ಇದ್ದೇನೆ. ಕೆಲಸ ಮಾತ್ರ ಬೇರೆ ಕಂಪನಿಯಲ್ಲಿ. ಗೊತ್ತಿರುವಷ್ಟು ಹೇಳುತ್ತೇನೆ.

2021ರಲ್ಲಿ ಬಂದ ಜಿಟಿ3ಯಲ್ಲಿ ಸೀಟು ಮೂರು ತರ ಇತ್ತು. ಮಾಮೂಲಿ ಸ್ಪೋರ್ಟ್ಸ್ ಸೀಟು, ಅದರಲ್ಲಿ ಕರೆಂಟಿನ ಹೊಂದಾಣಿಕೆ ಸ್ವಲ್ಪ ಮಾತ್ರ. ಎರಡನೆಯದು 18 ರೀತಿಯಲ್ಲಿ ಹೊಂದಿಸಬಹುದಾದ ಸೀಟು, ಸೊಂಟ, ತೊಡೆ, ಪಕ್ಕೆ ಎಲ್ಲಕ್ಕೂ ಬಟನ್. ಮೂರನೆಯದು ಕಾರ್ಬನ್ ಫೈಬರಿನ ಪೂರ್ತಿ ಬಕೆಟ್. ಅದನ್ನು ಹಿಂದೆ ಮುಂದೆ ಕೈಯಲ್ಲೇ ಎಳೆಯಬೇಕು, ಎತ್ತರಕ್ಕೆ ಮಾತ್ರ ಕರೆಂಟು. ಬೆನ್ನಿನ ಓರೆ ಬದಲಾಗುವುದಿಲ್ಲ. ಕಂಪನಿಯವರು ಕೊಟ್ಟ ಓರೆಯೇ ನಿಮ್ಮ ಓರೆ.

2024ರ ಅಕ್ಟೋಬರಿನಲ್ಲಿ ಬಂದ ಹೊಸ ರೂಪದಲ್ಲಿ ಬೆನ್ನು ಮಡಚುವ ಕಾರ್ಬನ್ ಬಕೆಟ್ ಬಂತು. ಅದರ ತಲೆಯ ಹತ್ತಿರದ ಮೆತ್ತೆಯನ್ನು ತೆಗೆಯಬಹುದು. ಹೆಲ್ಮೆಟ್ ಹಾಕಿದಾಗ ತಲೆ ಮುಂದಕ್ಕೆ ನೂಕಿದ ಹಾಗೆ ಆಗುವುದು ಇದರಿಂದ ತಪ್ಪುತ್ತದೆ. ಚಿಕ್ಕ ವಿಷಯ ಅನ್ನಿಸಬಹುದು. ಹೆಲ್ಮೆಟ್ ಹಾಕಿ ಇಪ್ಪತ್ತು ನಿಮಿಷ ಗಲ್ಲ ಎದೆಗೆ ಒತ್ತಿಕೊಂಡು ಕೂತವರಿಗೆ ಚಿಕ್ಕದಲ್ಲ.

ಕೇಜ್ ಬರುವುದು ಕ್ಲಬ್‌ಸ್ಪೋರ್ಟ್ ಪ್ಯಾಕೇಜಿನಲ್ಲಿ. ಮುಂದಿನ ಸೀಟುಗಳ ಹಿಂದೆ ಬೋಲ್ಟ್ ಹಾಕಿದ ಕೇಜ್, ಡ್ರೈವರ್ ಕಡೆ ಆರು ಬಿಂದುಗಳ ಹಾರ್ನೆಸ್, ಕೈಯಲ್ಲಿ ಹಿಡಿಯುವ ಬೆಂಕಿ ಆರಿಸುವ ಸಿಲಿಂಡರ್. ಜರ್ಮನಿಯಲ್ಲಿ ಇದಕ್ಕೆ ಹೆಚ್ಚಿನ ದುಡ್ಡಿಲ್ಲ. ಅಮೆರಿಕಕ್ಕೆ ಕೊಡುವುದೇ ಇಲ್ಲ. ಅಂದ್ರೆ ದೇಶಕ್ಕೊಂದು ಪಟ್ಟಿ. ಯೂಟ್ಯೂಬ್ ನೋಡಿ ಲೆಕ್ಕ ಹಾಕಬೇಡಿ, ನಿಮ್ಮ ಡೀಲರ್ ಕೊಡುವ ಪಟ್ಟಿಯಲ್ಲಿ ಇದ್ಯಾ ಅಂತ ಮೊದಲು ಕೇಳಿ.

ಹಳೇ ರ‍್ಯಾಲಿ, ಶಿರಸಿ:
ಇಷ್ಟು ಯೋಚನೆ ಯಾಕೆ? ಟ್ರ್ಯಾಕಿಗೆ ಹೋಗುವವನಿಗೆ ಬಕೆಟ್ಟೇ. ಸೀಟು ಹಿಡಿಯದಿದ್ದರೆ ತಿರುವಿನಲ್ಲಿ ಸ್ಟೇರಿಂಗ್ ಹಿಡಿದು ನೇತಾಡುತ್ತೀರಿ, ಮೊಣಕಾಲನ್ನು ಬಾಗಿಲಿಗೆ ಒತ್ತುತ್ತೀರಿ. ಆಗ ಕೈಗೆ ರಸ್ತೆಯ ಸುದ್ದಿ ಬರುವುದಿಲ್ಲ. ಯಕ್ಷಗಾನದ ವೇಷ ಕಟ್ಟುವುದನ್ನು ನೋಡಿದ್ದೀರಲ್ಲ? ಸಡಿಲ ಕಟ್ಟಿದ ಕಿರೀಟ ಹೊತ್ತವನು ರಾತ್ರಿಯಿಡೀ ಕಿರೀಟದ ಕಡೆಗೇ ಗಮನ ಕೊಡಬೇಕಾಗುತ್ತದೆ, ಕುಣಿತ ಎಲ್ಲಿಂದ ಬರಬೇಕು? ಇದೂ ಹಾಗೇ.

ಆದರೆ ಒಂದು ಮಾತು. ಸೀಟನ್ನು ಹೊರಗಡೆಯಿಂದ ತಂದು ಹಾಕಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ನಾನು ಒಮ್ಮೆ ನನ್ನ ಹ್ಯಾಚ್‌ಬ್ಯಾಕಿಗೆ ಅಗ್ಗದ ಬಕೆಟ್ ತಂದು, ಪರಿಚಯದ ಗ್ಯಾರೇಜಿನಲ್ಲಿ ಬೋಲ್ಟ್ ಹೊಡೆಸಿದ್ದೆ. ತಗಡಿನ ಕೆಳಗೆ ಭಾರ ಹಂಚುವ ಪ್ಲೇಟು ಹಾಕಲಿಲ್ಲ. ನನಗೂ ಗೊತ್ತಿರಲಿಲ್ಲ, ಅವನೂ ಹೇಳಲಿಲ್ಲ. ಮಣ್ಣಿನ ರಸ್ತೆಯಲ್ಲಿ ಒಂದು ಗುಂಡಿಗೆ ಬಿದ್ದಾಗ ಬೋಲ್ಟು ತಗಡು ಹರಿದುಕೊಂಡು ಮೇಲೆ ಬಂತು. ನಾನು ಸೀಟಿನ ಸಮೇತ ಎಡಕ್ಕೆ ವಾಲಿದೆ. ಪಕ್ಕ ಕೂತು ದಾರಿ ಓದುತ್ತಿದ್ದ ಭಾವ ಇವತ್ತಿಗೂ ಅದನ್ನೇ ಹೇಳಿ ನಗುತ್ತಾನೆ. ಸ್ಪೀಡ್ ಕಮ್ಮಿ ಇತ್ತು, ಬಚಾವಾದೆ.

ಕೆಎ 47:
ಹಳೇ ರ‍್ಯಾಲಿಯವರು ಬೋಲ್ಟಿನ ಕಥೆ ಹೇಳಿದರು, ಏರ್‌ಬ್ಯಾಗಿನ ಕಥೆ ನಾನು ಹೇಳುತ್ತೇನೆ. ಕಾರಿನ ಇಲೆಕ್ಟ್ರಿಕಲ್ ಕೆಲಸವೇ ನನ್ನ ಹೊಟ್ಟೆಪಾಡು.

ಪೋರ್ಷೆಯಲ್ಲಿ ಎದೆ ಕಾಯುವ ಪಕ್ಕದ ಏರ್‌ಬ್ಯಾಗ್ ಸೀಟಿನ ಒಳಗೇ ಇರುತ್ತದೆ. ತಲೆ ಕಾಯುವುದು ಬಾಗಿಲಿನಲ್ಲಿ. ಕಂಪನಿಯ ಕಾರ್ಬನ್ ಬಕೆಟ್‌ನಲ್ಲೂ ಎದೆಯ ಏರ್‌ಬ್ಯಾಗ್ ಇದೆ. ಹೊರಗಿನ ರೇಸ್ ಸೀಟು ಹಾಕಿದರೆ ಅದು ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಬರುತ್ತದೆ. ಆಗ ಕೆಲವರು ಒಂದು ರೆಸಿಸ್ಟರ್ ಸಿಕ್ಕಿಸಿ ದೀಪ ಆರಿಸಿ ಕೊಡುತ್ತಾರೆ. ದೀಪ ಆರಿತು ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ, ಕಂಪ್ಯೂಟರಿಗೆ ಸುಳ್ಳು ಹೇಳಿದ್ದೇವೆ ಅಂತ ಅರ್ಥ. ಅಂಥ ಕೆಲಸ ಕೇಳಿಕೊಂಡು ನನ್ನ ಹತ್ತಿರವೂ ಬರುತ್ತಾರೆ. ನಾನು ಮಾಡುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಏರ್‌ಬ್ಯಾಗಿಗೂ ಕಾರಿನ ಮೈಗೂ ತಗುಲಿಕೊಂಡಿರುವುದೆಲ್ಲ ಕಾರ್ಖಾನೆಯಿಂದಲೇ ಬರಲಿ. ಸೀಟು, ಕೇಜ್, ಹಾರ್ನೆಸ್ ಕೊಂಡಿ, ಲಿಫ್ಟ್. ನಿಮ್ಮ ಮೈಮೇಲೆ ಹಾಕಿಕೊಳ್ಳುವುದನ್ನು ನಿಧಾನಕ್ಕೆ ನೀವೇ ತಗೊಳ್ಳಿ.

ಕೋಡಿಬಾಗದವ:
ಇದು ಚೆನ್ನಾಗಿ ಅರ್ಥ ಆಯಿತು. ಕೇಜ್ ಸಿಗದಿದ್ದರೆ ಬರೀ ಹಾರ್ನೆಸ್ ಆದರೂ ಆಮೇಲೆ ಹಾಕಿಸಬಹುದಾ? ಹಿಂದೆ ಒಂದು ಅಡ್ಡ ಪೈಪು ಕೊಟ್ಟು ಕಟ್ಟುತ್ತಾರಂತೆ.

ಹಳೇ ರ‍್ಯಾಲಿ, ಶಿರಸಿ:
ಬೇಡ ತಮ್ಮಾ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮಾಮೂಲಿ ಮೂರು ಬಿಂದುಗಳ ಬೆಲ್ಟ್ ಇದೆಯಲ್ಲ, ವೋಲ್ವೋದ ನಿಲ್ಸ್ ಬೋಲಿನ್ 1959ರಲ್ಲಿ ತಂದದ್ದು, ಅದು ಒಂದು ಹೆಗಲನ್ನು ಬಿಟ್ಟಿರುತ್ತದೆ. ಕಾರು ಮಗುಚಿ ಮಾಡು (ಛಾವಣಿ) ಕುಸಿದರೆ ಮೈ ಪಕ್ಕಕ್ಕೆ ಬಾಗುವುದಕ್ಕೆ ಒಂದಿಷ್ಟು ಜಾಗ ಇರುತ್ತದೆ. ಹಾರ್ನೆಸ್ ಎರಡೂ ಹೆಗಲನ್ನು ಬಿಗಿದು ನಿಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ. ಮಾಡು ಕೆಳಗೆ ಬಂದರೆ ತಲೆ ಎಲ್ಲಿಗೆ ಹೋಗಬೇಕು? ಅದಕ್ಕೇ ಹಾರ್ನೆಸ್ ಜೊತೆ ಕೇಜ್ ಇರಬೇಕು ಅನ್ನುವುದು.

ಎರಡನೆಯದು ಹೆಗಲ ಪಟ್ಟಿಯ ಓರೆ. ಅದು ಹೆಗಲಿನಿಂದ ಹಿಂದಕ್ಕೆ ಸುಮಾರು ನೇರವಾಗಿ, ಸ್ವಲ್ಪ ಮಾತ್ರ ಇಳಿಜಾರಾಗಿ ಹೋಗಬೇಕು. ಕುತ್ತಿಗೆ ಕಾಯುವ ಸಾಧನ ಹಾಕಿದರೆ 20 ಡಿಗ್ರಿಗಿಂತ ಜಾಸ್ತಿ ಇಳಿಯಬಾರದು. ಕೆಲವರು ನೆಲದ ಬೋಲ್ಟಿಗೆ ಕಟ್ಟುತ್ತಾರೆ. ಡಿಕ್ಕಿ ಆದಾಗ ಪಟ್ಟಿ ಹೆಗಲನ್ನು ಕೆಳಕ್ಕೆ ಜಗ್ಗುತ್ತದೆ, ಬೆನ್ನುಮೂಳೆ ಮೇಲಿಂದ ಅಮುಕಿದ ಹಾಗೆ ಆಗುತ್ತದೆ.

ಮೂರನೆಯದು ತೊಡೆಯ ನಡುವಿನ ಪಟ್ಟಿ. ಅದಿಲ್ಲದ ನಾಲ್ಕು ಬಿಂದುಗಳ ಅಗ್ಗದ ಹಾರ್ನೆಸ್‌ನಲ್ಲಿ ಹೆಗಲ ಪಟ್ಟಿ ಸೊಂಟದ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತದೆ. ಸೊಂಟದ ಎಲುಬಿನ ಮೇಲೆ ಇರಬೇಕಾದ ಪಟ್ಟಿ ಹೊಟ್ಟೆಯ ಮೇಲೆ ಬರುತ್ತದೆ, ಮೈ ಕೆಳಗಿಂದ ಜಾರುತ್ತದೆ. ಒಳಗೆ ಏನೇನಾಗುತ್ತದೆ ಅಂತ ಡಾಕ್ಟರಮ್ಮ ಇದ್ದರೆ ಹೇಳಲಿ, ನಾನು ಊಟ ಮಾಡಿ ಬಂದಿದ್ದೇನೆ.

ಡಾಕ್ಟರಮ್ಮ, ಹೊನ್ನಾವರ:
ಇದ್ದೇನೆ, ಓದುತ್ತಿದ್ದೇನೆ. ಸೊಂಟದ ಎಲುಬು ಪೆಟ್ಟು ತಡೆಯುತ್ತದೆ, ಕರುಳು ತಡೆಯುವುದಿಲ್ಲ. ಅಷ್ಟು ಸಾಕು.

ನನಗೆ ಬೇರೆ ಪ್ರಶ್ನೆ ಇದೆ. ಕೋಡಿಬಾಗದವರೇ, ನಿಮ್ಮ ಎತ್ತರ ಎಷ್ಟು? ತೂಕ? ಬೆನ್ನು ಹೇಗಿದೆ? ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ? ಎಲ್ಲರೂ ಕಾರಿನ ವಿಷಯವೇ ಹೇಳುತ್ತಿದ್ದೀರಿ, ಕೂರುವವರ ವಿಷಯ ಯಾರೂ ಕೇಳಲಿಲ್ಲ.

ಕೋಡಿಬಾಗದವ:
5 ಅಡಿ 10 ಇಂಚು, 88 ಕೆಜಿ. ಬೆನ್ನು ಹಡಗಿನವರದ್ದು ಹೇಗಿರುತ್ತದೋ ಹಾಗೇ ಇದೆ, ಮೂರು ವರ್ಷದ ಹಿಂದೆ ಸೊಂಟ ಹಿಡಿದು ಹದಿನೈದು ದಿನ ಮಲಗಿದ್ದೆ. ಪಕ್ಕದಲ್ಲಿ ಮನೆಯವಳು, ಒಮ್ಮೊಮ್ಮೆ ಆಯಿ (ಮೊಣಕಾಲು ಆಪರೇಶನ್ ಆಗಿದೆ), ಐದು ವರ್ಷದ ಮಗಳು. ಮಗಳು ಈಗಲೇ ಕಾರಿನ ಫೋಟೋಗೆ ಮುತ್ತು ಕೊಡುತ್ತಿದ್ದಾಳೆ.

ಕುಮಟೆಯಿಂದ ಸ್ಟುಟ್‌ಗಾರ್ಟಿಗೆ:
ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು! ಪೂರ್ತಿ ಬಕೆಟ್‌ನಲ್ಲಿ ಮಕ್ಕಳ ಸೀಟು ಹಾಕುವ ಹಾಗಿಲ್ಲ. ಮಗಳು ಕೂರಬೇಕಾದರೆ ನಾನು ಹೇಳಿದ ಮೊದಲೆರಡು ತರದ ಸೀಟೇ ಆಗಬೇಕು, ಪಕ್ಕದ ಸೀಟಿಗೆ ಐಸೋಫಿಕ್ಸ್ ಕೊಂಡಿ (ಮಕ್ಕಳ ಸೀಟು ಸಿಕ್ಕಿಸುವ ಕೊಂಡಿ) ಕೇಳಿ ಹಾಕಿಸಬೇಕು.

ಇನ್ನೊಂದು ದಾರಿಯೂ ಇದೆ. 2024ರ ರೂಪದಲ್ಲಿ ಹಿಂದೆ ದೊಡ್ಡ ರೆಕ್ಕೆ ಇಲ್ಲದ ಟೂರಿಂಗ್ ಅಂತ ಬರುತ್ತದಲ್ಲ, ಅದಕ್ಕೆ ಮೊದಲ ಸಲ ಹಿಂದಿನ ಸೀಟು ಆಯ್ಕೆಯಾಗಿ ಬಂತು. ಆದರೆ ಕೇಜ್ ಕೂರುವುದೂ ಅದೇ ಜಾಗದಲ್ಲಿ. ಹಿಂದಿನ ಸೀಟೂ ಬೇಕು, ಕೇಜೂ ಬೇಕು ಅಂದ್ರೆ ಆಗದು.

ಅಡಿಕೆ ಮಂಡಿ:
ಕೊನೆಗೌಡ ಅಡಿಕೆ ಮರದ ತುದಿಯಲ್ಲಿ ಒಂದು ಹಗ್ಗದ ಮೇಲೆ ಭಾರ ಬಿಟ್ಟು ದಿನವಿಡೀ ಕೊನೆ ಇಳಿಸುತ್ತಾನೆ. ಅವನಿಗೆ 18 ತರ ಹೊಂದಿಸುವ ಸೀಟು ಯಾರೂ ಕೊಡಲಿಲ್ಲ. ಸುಮ್ನೆ ಹೇಳಿದೆ, ಮುಂದುವರಿಸಿ.

ಡಾಕ್ಟರಮ್ಮ, ಹೊನ್ನಾವರ:
ಕೊನೆಗೌಡರ ಮೊಣಕಾಲು ಐವತ್ತನೇ ವಯಸ್ಸಿಗೆ ಹೇಗಿರುತ್ತದೆ ಅಂತ ನನ್ನ ಕ್ಲಿನಿಕ್ಕಿಗೆ ಬಂದು ನೋಡಿ.

ಕೋಡಿಬಾಗದವರೇ, ಶೋರೂಮಿನಲ್ಲಿ ಎರಡು ನಿಮಿಷ ಕೂತು ಎದ್ದು ಬರಬೇಡಿ. ನಲವತ್ತು ನಿಮಿಷ ಕೂರಿ, ಹೆಲ್ಮೆಟ್ ಹಾಕಿಕೊಂಡೇ. ಬಕೆಟ್ ಸೀಟಿನ ತೊಂದರೆ ಹೆಚ್ಚಾಗಿ ಬೆನ್ನಿಗಲ್ಲ, ತೊಡೆಯ ಬದಿಗೆ. ಅಂಚು ಒತ್ತಿದರೆ ಕಾಲು ಜೋಮು ಹಿಡಿಯುತ್ತದೆ. ಎಡಗಾಲು ಜೋಮು ಹಿಡಿದಿದ್ದರೆ ಕ್ಲಚ್ ಒತ್ತುವುದು ಹೇಗೆ? ಆಯಿಯವರನ್ನೂ ಕರೆದುಕೊಂಡು ಹೋಗಿ.

ಕೆಎ 31:
ಲೆಕ್ಕ ಹಾಕೋಣ. ಕಾರವಾರದಿಂದ ಬೆಂಗಳೂರಿಗೆ 500 ಕಿ.ಮೀ. ಮೇಲೆ. ಅಲ್ಲಿಂದ ಚೆನ್ನೈ ಹತ್ತಿರದ ಇರುಂಗಟ್ಟುಕೊಟ್ಟೈ ಟ್ರ್ಯಾಕಿಗೆ ಇನ್ನೂ 300ರ ಹತ್ತಿರ. ಹೋಗಿ ಬರುವುದಕ್ಕೆ ಎರಡೆರಡು ದಿನ. ಟ್ರ್ಯಾಕಿನಲ್ಲಿ ಎಷ್ಟು ಹೊತ್ತು? ಇಪ್ಪತ್ತು ನಿಮಿಷದ ನಾಲ್ಕೈದು ಸರದಿ, ಸುಮಾರು ಒಂದೂವರೆ ತಾಸು. ಸೀಟಿನಲ್ಲಿ ಕೂರುವ ಹೊತ್ತಿನಲ್ಲಿ ಹತ್ತನೇ ಒಂದು ಪಾಲೂ ಟ್ರ್ಯಾಕ್ ಅಲ್ಲ. ನನ್ನ ಮತ 18 ತರ ಹೊಂದಿಸುವ ಸೀಟಿಗೆ.

ಹಳೇ ರ‍್ಯಾಲಿ, ಶಿರಸಿ:
ಮದುವೆ ಊಟಕ್ಕೆ ಹೋಗುವಾಗ ಬಸ್ಸಿನಲ್ಲಿ ಕೂತದ್ದೇ ಜಾಸ್ತಿ ಹೊತ್ತು ಅಂತ ಊಟ ಬಿಟ್ಟು ಬಸ್ಸಿನ ಸೀಟಿನ ಚಂದ ಮಾತಾಡಿದ ಹಾಗಾಯಿತು. ಆ ಒಂದೂವರೆ ತಾಸಿಗೇ ತಾನೇ ಈ ಕಾರು?

ಕೆಎ 31:
ಊಟಕ್ಕೆ ಮುಟ್ಟುವಾಗ ಸೊಂಟ ಹಿಡಿದಿದ್ದರೆ ಊಟವೂ ಸೇರುವುದಿಲ್ಲ ಭಾವ.

ಬಂದರ್ ರಸ್ತೆ:
ಕಾರವಾರದ ಮಳೆ ಯಾರ ತಲೆಗೂ ಬಂದಿಲ್ಲ! ಈ ಕಾರುಗಳಲ್ಲಿ ಸ್ಟೇರಿಂಗಿಗೂ ಸೀಟಿನ ನಡುವಿಗೂ ಮೆತ್ತಗಿನ ವೆಲ್ವೆಟ್ ತರದ ಬಟ್ಟೆ ಹಾಕುತ್ತಾರೆ, ರೇಸ್-ಟೆಕ್ಸ್ ಅಂತಾರೆ. ಕೈ ಜಾರದ ಹಾಗೆ ಹಿಡಿತಕ್ಕೆ ಒಳ್ಳೆಯದು. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಟ್ಟ ಕಾರಿನಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ? ನನ್ನ ಕಪಾಟಿನ ಚರ್ಮದ ಬೆಲ್ಟಿಗೆ ಪ್ರತಿ ಆಷಾಢದಲ್ಲಿ ಬಿಳಿ ಗಡ್ಡ ಬರುತ್ತದೆ. ನೀವು ಹಡಗಿನಲ್ಲಿರುವ ಆರು ತಿಂಗಳು ಮಳೆಗಾಲ ಆದರೆ ಕಾರನ್ನು ಯಾರು ನೋಡುತ್ತಾರೆ?

ಕೆಎ 47:
ಒಳ್ಳೆ ಮಾತು. ಗ್ಯಾರೇಜಿನಲ್ಲಿ ತೇವ ಹೀರುವ ಮೆಷಿನ್ ಬೇಕೇ ಬೇಕು, ಬ್ಯಾಟರಿ ಇಳಿಯದ ಹಾಗೆ ಮೆಲ್ಲಗೆ ಚಾರ್ಜ್ ಮಾಡುತ್ತಿರುವ ಟ್ರಿಕಲ್ ಚಾರ್ಜರ್ ಬೇಕು. ಸೀಟಿಗಿಂತ ಬೆಲ್ಟಿನ ಪಟ್ಟಿ ಮುಖ್ಯ. ಬೂಷ್ಟು ಬಂದರೆ ಸಾದಾ ಸೋಪು ನೀರಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬ್ಲೀಚು ಮುಟ್ಟಿಸಬೇಡಿ, ನೂಲಿನ ಬಲ ಹೋಗುತ್ತದೆ. ಒದ್ದೆ ಪಟ್ಟಿಯನ್ನು ಹಾಗೇ ಒಳಕ್ಕೆ ಸುತ್ತಿಕೊಳ್ಳಲು ಬಿಡಬೇಡಿ. ಕಾಳಿ ನದಿ ಗಾಳಿ, ಉಪ್ಪು, ಗೊತ್ತಲ್ಲ.

ಕೋಡಿಬಾಗದವ:
ಉಪ್ಪು ಗಾಳಿಯ ವಿಷಯ ನನಗೆ ಬಿಡಿ, ಅದೇ ನನ್ನ ಕೆಲಸ. ಬೆಂಕಿ ಸಿಲಿಂಡರ್ ವಿಷಯವೂ. ಅದನ್ನು ಸೀಟಿನ ಕೆಳಗೆ ಸುಮ್ನೆ ಇಡಬಾರದು, ಲೋಹದ ಪಟ್ಟಿಯಿರುವ ಹಿಡಿಕೆಗೆ ಬೋಲ್ಟ್ ಮಾಡಿರಬೇಕು. ಬ್ರೇಕ್ ಹೊಡೆದಾಗ ಉರುಳಿ ಪೆಡಲ್ ಕೆಳಗೆ ಸಿಕ್ಕಿದರೆ ಮುಗಿಯಿತು. ಪುಡಿಯ ಸಿಲಿಂಡರ್ ಆದರೆ ಅಲುಗಾಟಕ್ಕೆ ಒಳಗಿನ ಪುಡಿ ಅಡಿಯಲ್ಲಿ ಗಟ್ಟಿ ಕೂರುತ್ತದೆ. ಆಗಾಗ ತೆಗೆದು ತಲೆಕೆಳಗು ಮಾಡಿ ಅಲ್ಲಾಡಿಸಬೇಕು. ಗೇಜು ಹಸಿರು ತೋರಿಸುತ್ತಿದೆ ಅಂತ ನಂಬಿ ಕೂತರೆ ಆಗದು. ನಮ್ಮಲ್ಲಿ ಹೊಸ ಹುಡುಗರಿಗೆ ಮೊದಲ ವಾರವೇ ಇದನ್ನು ಕಲಿಸುತ್ತೇವೆ.

ಸೆರಾಮಿಕ್ ಬ್ರೇಕಿನ ಬಗ್ಗೆ ಯಾರೂ ಹೇಳಲಿಲ್ಲ?

ಹಳೇ ರ‍್ಯಾಲಿ, ಶಿರಸಿ:
ಕಬ್ಬಿಣದ ಡಿಸ್ಕೇ ಸಾಕು, ಅದೇ ಮುಂದೆ 408 ಮಿ.ಮೀ. ಇದೆ. ಸೆರಾಮಿಕ್ ಹಗುರ, ಹೆಚ್ಚು ಕಡಿಮೆ ಅರ್ಧ ತೂಕ, ಬ್ರೇಕಿನ ಪುಡಿ ಚಕ್ರಕ್ಕೆ ಅಂಟುವುದಿಲ್ಲ. ಆದರೆ ಟ್ರ್ಯಾಕಿನಲ್ಲಿ ಸವೆದರೆ ಬದಲಾಯಿಸುವ ಖರ್ಚು ಕೇಳಿದರೆ ಒಂದು ಎಕರೆ ತೋಟದ ನೆನಪಾಗುತ್ತದೆ. ಕಬ್ಬಿಣದ್ದು ಸವೆದರೆ ಬೈದುಕೊಂಡು ಬದಲಾಯಿಸಬಹುದು. ಉಳಿದ ದುಡ್ಡಿನಲ್ಲಿ ಟೈರು, ಪ್ಯಾಡು, ಒಳ್ಳೆ ಬ್ರೇಕ್ ಆಯಿಲ್.

ದೇವಿಮನೆ ತಿರುವು:
ಎರಡು ಒಣ ವಿಷಯ ಹೇಳಿ ಹೋಗುತ್ತೇನೆ. ಒಂದು, ನೋಂದಣಿಯಾದ ಕಾರಿನ ಮೂಲ ರೂಪ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಕಾರ್ಖಾನೆಯಿಂದಲೇ ಬಂದದ್ದಾದರೆ ಈ ತಲೆನೋವು ಇಲ್ಲ. ಎರಡು, ಮಾಮೂಲಿ ವಿಮೆಯಲ್ಲಿ ರೇಸು, ವೇಗದ ಪರೀಕ್ಷೆ ಸೇರುವುದಿಲ್ಲ. ಟ್ರ್ಯಾಕ್ ಡೇ ಅದರಲ್ಲಿ ಬರುತ್ತದಾ ಇಲ್ಲವಾ ಅಂತ ಪಾಲಿಸಿ ಕೊಡುವವರಿಂದ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಕೋಡಿಬಾಗದವ:
ಹೋಗಿ ಬಂದೆ. ಮನೆಯವಳು, ಆಯಿ, ಮಗಳು, ಎಲ್ಲರನ್ನೂ ಕರೆದುಕೊಂಡು.

ಶೋರೂಮಿನಲ್ಲಿ ಒಬ್ಬ ಗಿರಾಕಿಯ ಕಾರು ಬಂದು ನಿಂತಿತ್ತು, ಬಕೆಟ್ ಸೀಟಿನದು. ಅವರ ಒಪ್ಪಿಗೆ ಪಡೆದು ಕೂತೆ. ಮೊದಲ ಹತ್ತು ನಿಮಿಷ ಸ್ವರ್ಗ. ಹಳೇ ರ‍್ಯಾಲಿಯವರು ಹೇಳಿದ್ದು ನಿಜ, ಕಾರನ್ನೇ ಅಂಗಿಯ ಹಾಗೆ ತೊಟ್ಟ ಹಾಗಿತ್ತು. ಡಾಕ್ಟರಮ್ಮ ಹೇಳಿದ್ದೂ ನಿಜ. ಇಪ್ಪತ್ತೈದನೇ ನಿಮಿಷಕ್ಕೆ ಎಡ ತೊಡೆಯ ಬದಿ ಜುಮುಜುಮು ಅನ್ನತೊಡಗಿತು. ನಲವತ್ತಕ್ಕೆ ಇಳಿದಾಗ ಕಾಲು ನನ್ನದಲ್ಲ.

ಆಯಿ ಪಕ್ಕದಲ್ಲಿ ಆರಾಮಾಗಿ ಕೂತಳು. ಜೀವನವಿಡೀ ಮಣೆ ಮೇಲೆ ಕೂತು ಮೀನು ಕೊಯ್ದವಳು, ತಗ್ಗು ಅವಳಿಗೆ ಹೊಸದಲ್ಲ. ಏಳುವಾಗ ಮಾತ್ರ ನಾನೂ ಡೀಲರ್ ಹುಡುಗನೂ ಎರಡು ಕೈ ಹಿಡಿದು ಎಳೆಯಬೇಕಾಯಿತು. ‘ಇಷ್ಟು ದುಡ್ಡು ಕೊಟ್ಟು ಬಾವಿಗೆ ಇಳಿಯುವುದಾ?’ ಅಂದಳು.

ಕೇಜ್ ವಿಷಯ ಕೇಳಿದೆ. ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸುತ್ತೇವೆ ಅಂದರು. ನಾನು ಕಾಯುವುದಿಲ್ಲ. 18 ತರ ಹೊಂದಿಸುವ ಸೀಟು, ಪಕ್ಕದಲ್ಲಿ ಮಗಳಿಗೆ ಐಸೋಫಿಕ್ಸ್, ಲಿಫ್ಟ್, ಕಬ್ಬಿಣದ ಡಿಸ್ಕು. ಹಾರ್ನೆಸ್ ಇಲ್ಲ, ಕೇಜ್ ಇಲ್ಲ.

ಹಳೇ ರ‍್ಯಾಲಿ, ಶಿರಸಿ:
ನನಗೆ ಒಪ್ಪಿಗೆ ಇಲ್ಲ. ಮಗಳಿಗೆ ಇನ್ನೊಂದು ಕಾರಿದೆ, ಆಯಿಗೂ ಇದೆ. ನಿಮ್ಮ ತೊಡೆಯ ವಿಷಯಕ್ಕೆ ಮಾತ್ರ ನಾನು ಸುಮ್ಮನಾಗುತ್ತೇನೆ.

ಸರಿ, ಹಾಗಾದರೆ ಒಂದು ಉಪಾಯ ಕೇಳಿ. ಟ್ರ್ಯಾಕಿಗೆ ಇಳಿಯುವ ಮುಂಚೆ ಸೀಟನ್ನು ಎರಡು ಬೆರಳಷ್ಟು ಹಿಂದೆ ತಗೊಳ್ಳಿ. ಬೆಲ್ಟ್ ಹಾಕಿ, ಸೊಂಟದ ಪಟ್ಟಿಯನ್ನು ತಗ್ಗಿಸಿ ಬಿಗಿ ಮಾಡಿ. ಹೆಗಲ ಪಟ್ಟಿಯನ್ನು ಫಕ್ಕನೆ ಎಳೆಯಿರಿ, ಅದು ಲಾಕ್ ಆಗುತ್ತದೆ. ಹಾಗೇ ಹಿಡಿದುಕೊಂಡು ಸೀಟನ್ನು ಮುಂದೆ ತನ್ನಿ. ಹಾರ್ನೆಸ್ ಆಗದಿದ್ದರೂ ಸಡಿಲವಂತೂ ಇರುವುದಿಲ್ಲ. ಪಕ್ಕೆಯ ಮೆತ್ತೆಯನ್ನು ಬಟನ್ನಿನಲ್ಲಿ ಒಳಕ್ಕೆ ತಂದುಕೊಳ್ಳಿ. ಒಂದು ಸರದಿ ಮುಗಿದ ಮೇಲೆ ಸಡಿಲ ಬಿಡಿ.

ಇನ್ನು ತಲೆ. ಬೈಕಿನ ಹೆಲ್ಮೆಟ್ ತರಬೇಡಿ. ಕಾರಿನ ರೇಸಿಗೆ ಸ್ನೆಲ್ (ಹೆಲ್ಮೆಟ್ ಪರೀಕ್ಷೆ ಮಾಡುವ ಸಂಸ್ಥೆ) ಎಸ್‌ಎ 2020 ಅಂತ ಬರೆದದ್ದು ಇರುತ್ತದೆ, ಅದರ ಒಳಬಟ್ಟೆಗೆ ಬೆಂಕಿಯ ಪರೀಕ್ಷೆಯೂ ಆಗಿರುತ್ತದೆ. ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನ ನಿಮಗೆ ಬರುವುದಿಲ್ಲ, ಅದನ್ನು ಒತ್ತಿ ಹಿಡಿಯಲು ಎರಡೂ ಹೆಗಲ ಮೇಲೆ ಪಟ್ಟಿ ಬೇಕು. 2001ರಲ್ಲಿ ಡೇಟೋನಾ ರೇಸಿನಲ್ಲಿ ಅಮೆರಿಕದ ರೇಸರ್ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡದ್ದು ತಲೆಬುರುಡೆಯ ಬುಡ ಮುರಿದು. ಅದೇ ವರ್ಷ ಅಲ್ಲಿನ ರೇಸ್ ಸಂಸ್ಥೆ ನಾಸ್ಕಾರ್ ಕುತ್ತಿಗೆ ಸಾಧನ ಕಡ್ಡಾಯ ಮಾಡಿತು. ಮೂರು ಬಿಂದುಗಳ ಬೆಲ್ಟಿಗೂ ಆಗುವ, ಎದೆಗೆ ಕಟ್ಟಿಕೊಳ್ಳುವ ಬೇರೆ ತರದ್ದು ಇದೆ, ಅದನ್ನು ಹುಡುಕಿ. ತಲೆಯ ಸುತ್ತಳತೆ ಎಷ್ಟು?

ಕೋಡಿಬಾಗದವ:
ಈಗಷ್ಟೇ ಆಯಿಯ ಹೊಲಿಗೆ ಮೆಷಿನ್ನಿನ ಟೇಪಿನಲ್ಲಿ ಅಳೆದೆ. ಹುಬ್ಬಿನ ಮೇಲಿಂದ ಸುತ್ತ 59 ಸೆಂ.ಮೀ. ಮಗಳು ತನ್ನದೂ ಅಳೆಯಬೇಕು ಅಂತ ಎದುರು ಕೂತಿದ್ದಾಳೆ. 51.

ಹಳೇ ರ‍್ಯಾಲಿ, ಶಿರಸಿ:
59 ಅಂತ ನಂಬಿ ತರಿಸಬೇಡಿ, ಹಾಕಿ ನೋಡಿಯೇ ತಗೊಳ್ಳಿ. ಕೆನ್ನೆ ಎರಡೂ ಕಡೆ ಒತ್ತಬೇಕು, ಹಣೆ ಒತ್ತಬಾರದು. 51 ಅಂದವಳಿಗೆ ಇನ್ನು ಹತ್ತು ವರ್ಷ ಬಿಟ್ಟು ಹೇಳುತ್ತೇನೆ.